ಪಿತೃಪಕ್ಷದಲ್ಲಿ ಎತ್ತಬಾರದ ಫೋನು

ದೂರವಾಣಿ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವಳು ನಾನು. ಫೋನು ಎಷ್ಟು ಬಡಿದುಕೊಂಡರೂ ನನಗೆ ಏನೂ ಅನಿಸುವುದಿಲ್ಲ. ಸದ್ದಿಲ್ಲದೆ ಮಿನುಗುವ ಫೋನು ಮಾತ್ರ ಈಗಲೂ ಆಗಿಬರುವುದಿಲ್ಲ. ಮಗ ಮೊಬೈಲನ್ನು ಸೈಲೆಂಟಿಗೆ ಹಾಕಿ ಊಟದ ಮೇಜಿನ ಮೇಲಿಟ್ಟರೆ, "ಎತ್ತು, ಇಲ್ಲಾ ಆರಿಸು" ಎಂದು ರೇಗುತ್ತೇನೆ. ಅವನಿಗೆ ನಗು. ದೆಹಲಿಯಲ್ಲೇ ಬೆಳೆದ ಹುಡುಗ, "ಅಮ್ಮಾ, ಕಿಸೀ ಬ್ಯಾಂಕ್ ಕಾ ಹೋಗಾ, ಯಾವುದೋ ಬ್ಯಾಂಕಿನವರದಿರಬೇಕು" ಅನ್ನುತ್ತಾನೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ನಮ್ಮ ಮನೆ ದೆಹಲಿಯ ಮಯೂರ್ ವಿಹಾರ್‌ನಲ್ಲಿತ್ತು. ಇಲಾಖೆ ನನ್ನನ್ನು ದೆಹಲಿಯ ಗಡಿಯಾಚೆ, ಗ್ರೇಟರ್ ನೋಯ್ಡಾ ಕಡೆಯ ಒಂದು ಸ್ಥಳೀಯ ಆಡಳಿತ ಕಚೇರಿಗೆ ಎರವಲು ಕೊಟ್ಟಿತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸೇರಿ ಆ ಪ್ರದೇಶಕ್ಕೆ ಒಂದೇ ತುರ್ತು ನಂಬರು ಮಾಡಬೇಕಿತ್ತು. ಆಗ ಅಲ್ಲಿ ಮೊಬೈಲಿನಿಂದ ಸಹಾಯ ಕೇಳಿದರೆ ಕರೆ ಒಮ್ಮೊಮ್ಮೆ ಗಡಿ ದಾಟಿ ಬೇರೆ ರಾಜ್ಯದಲ್ಲಿ ಬೀಳುತ್ತಿತ್ತು. ಎತ್ತಿದವರು "ಇದು ನಮ್ಮ ಹದ್ದಲ್ಲ" ಎಂದು ಇಟ್ಟುಬಿಡುತ್ತಿದ್ದರು. ಅಂಥ ಕಡೆ ಇದು ಪುಣ್ಯದ ಕೆಲಸವೆಂದು ನಾನು ಹುರುಪಿನಿಂದಲೇ ಹೋದೆ. ಮೊದಲ ಮೂರು ತಿಂಗಳು ಮೂರು ಇಲಾಖೆಯವರು ಸಮೋಸಾ ತಿನ್ನುತ್ತಾ, ನಡುವಿನ ಕುರ್ಚಿ ಯಾರದೆಂದು ಜಗಳವಾಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

ಆ ಕೆಲಸದಲ್ಲಿ ನನಗೆ ಸ್ವಂತದ ಸ್ವಾರ್ಥವೂ ಇತ್ತು. ನನ್ನ ತಂಗಿಯ ಮನೆ ಅಲ್ಲೇ, ಕಚೇರಿಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಅವಳ ಗಂಡ ಸೈನ್ಯದಲ್ಲಿದ್ದ. ಗಡಿಯ ಮೇಲೆ ಎಲ್ಲೋ ಬೆಟ್ಟದಲ್ಲಿದ್ದು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಹೊಸದಾಗಿ ಕಟ್ಟಿದ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಇವಳೊಬ್ಬಳೇ. ಆ ಕಟ್ಟಡದಲ್ಲಿ ಜನಕ್ಕಿಂತ ಬೀಗಗಳೇ ಹೆಚ್ಚು. ಆರು ತಿಂಗಳ ಬಸುರಿಗೆ ಬಿಪಿ ಏರತೊಡಗಿತು. ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದು ಹೇಳಿದ್ದರು: ತಲೆ ಸಿಡಿಯಿತು, ಕಣ್ಣು ಮಂಜಾಯಿತು ಅಂದರೆ ಆ ಕ್ಷಣ ಆಸ್ಪತ್ರೆಗೆ ಬರಬೇಕು, ಎರಡು ಜೀವದ ಪ್ರಶ್ನೆ. ಅಂದಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ಕೋಣೆ ಸಿದ್ಧವಾಯಿತು. ಲೈನುಗಳಿಗೆ ಜೀವ ಬಂತು. ಮೂವರು ಆಪರೇಟರುಗಳನ್ನು ನಾನೇ ತಯಾರು ಮಾಡಿದೆ. ಹೊರಗೆ ಬಿಳಿ ಆಂಬುಲೆನ್ಸ್ ಒಂದು ಬಂದು ನಿಂತಿತು. ಸದ್ಯಕ್ಕೆ ಒಂದೇ, ಉಳಿದವು ಆಮೇಲೆ ಅಂದರು. ಕರೆ ಬಂದರೆ ಬೋರ್ಡಿನ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಯಾರ ನಂಬರು ಎಂದು ತೋರಿಸುವ ಯಂತ್ರವೂ ಆಮೇಲೆಯೇ ಬರುವುದಿತ್ತು. ಆದರೆ ಗೋಡೆಗೆ ಬಣ್ಣ ಬಳಿಯುವ ಗುತ್ತಿಗೆದಾರ ನಮ್ಮೆಲ್ಲರಿಗಿಂತ ಚುರುಕು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಕಂಬ, ಗೋಡೆ, ಆಟೋದ ಬೆನ್ನು ಎಲ್ಲದರ ಮೇಲೂ ನಂಬರು ಬರೆಸಿಬಿಟ್ಟಿದ್ದ.

"ಅಕ್ಕಾ, ನಿನ್ನ ನಂಬರು ನಮ್ಮ ಗೇಟಿನ ಮೇಲೂ ಬಂತು ಕಣೇ," ಎಂದು ತಂಗಿ ಫೋನಿನಲ್ಲಿ ಸಂಭ್ರಮಪಟ್ಟಳು. "ಇನ್ನು ನನಗೇನು ಭಯ?"

"ಇನ್ನೂ ಶುರುವಾಗಿಲ್ಲ ಮಾರಾಯ್ತಿ. ಉದ್ಘಾಟನೆ ಆಗಲಿ. ಅಲ್ಲಿವರೆಗೆ ಏನಾದರೂ ಆದರೆ ನನಗೆ ಮಾಡು. ಟ್ಯಾಕ್ಸಿ ಸ್ಟ್ಯಾಂಡಿನ ನಂಬರೂ ಇದೆಯಲ್ಲ?"

"ಅಚ್ಛಾ ಅಚ್ಛಾ, ಗೊತ್ತು," ಅಂದಳು.

ಉದ್ಘಾಟನೆಯ ದಿನ ಎರಡು ಸಲ ಗೊತ್ತಾಗಿ ಎರಡು ಸಲ ತಪ್ಪಿತು. ಮುಖ್ಯ ಅತಿಥಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಪಿತೃಪಕ್ಷ ಬಂತು. ಯೋಜನೆಯ ಅಧಿಕಾರಿ ಕೆಟ್ಟವರಲ್ಲ, ಹಣೆಗೆ ಕುಂಕುಮವಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಬರುವ ಸಜ್ಜನರು. ನಾನು ಹೋಗಿ ಎದುರು ಕುಳಿತೆ.

"ಮ್ಯಾಡಂ, ಶ್ರಾದ್ಧ್ ನಡೀತಿದೆ," ಅಂದರು. "ಈ ಹದಿನೈದು ದಿನ ಜನ ಒಂದು ಹೊಸ ಬಕೆಟ್ ಕೂಡ ಕೊಳ್ಳೋದಿಲ್ಲ. ಪ್ರಾಣ ಉಳಿಸೋ ಕೆಲಸವನ್ನ ಈಗ ಶುರು ಮಾಡೋಣ ಅಂತೀರಾ?"

"ಸರ್, ಹಾರ್ಟ್ ಅಟ್ಯಾಕು ಪಂಚಾಂಗ ನೋಡಿ ಬರುತ್ತಾ?"

"ಮೊದಲ ಕರೆ ಮುಖ್ಯ ಅತಿಥಿಗಳದ್ದು. ಅದಕ್ಕೆ ಮುಂಚೆ ಇನ್ನೊಂದು ಕರೆ ಎತ್ತಿದರೆ ಅವರದ್ದು ಮೊದಲನೆಯದು ಹೇಗಾಗುತ್ತೆ ಹೇಳಿ."

ಹಾಗಾದರೆ ಲೈನು ಕತ್ತರಿಸಿಬಿಡಿ ಅಂದೆ. ಕತ್ತರಿಸಿದರೆ ಮತ್ತೆ ಜೋಡಿಸಲು ತಿಂಗಳು ಹಿಡಿಯುತ್ತದೆ ಅಂದರು. ಅದು ನಿಜವೇ, ನಮ್ಮ ಇಲಾಖೆ ನನಗೆ ಗೊತ್ತಿಲ್ಲವೇ! "ಸೇವೆ ಇನ್ನೂ ಆರಂಭವಾಗಿಲ್ಲ" ಎಂದು ಒಂದು ಧ್ವನಿಮುದ್ರಣವನ್ನಾದರೂ ಹಾಕೋಣ ಅಂದೆ. ಇಂಥ ಸೇವೆಯ ಬಾಯಿಂದ ಬರುವ ಮೊದಲ ಮಾತೇ 'ಇಲ್ಲ' ಅಂತಾದರೆ ಅಪಶಕುನವಲ್ಲವೇ ಎಂದು ಅವರು ಮೆಲ್ಲಗೆ ಕೇಳಿದರು. ಕೊನೆಗೆ ಗಂಟೆಯ ಸದ್ದು ನಿಲ್ಲಿಸಲು ಆಜ್ಞೆಯಾಯಿತು. ಯಾರೂ ಫೋನು ಎತ್ತಬಾರದು. ಮೊಬೈಲುಗಳನ್ನು ಹೊರಗೆ ಕಾವಲುಗಾರನ ಮೇಜಿನ ಮೇಲಿಟ್ಟು ಒಳಗೆ ಬರಬೇಕು. ಕೋಣೆಯಲ್ಲಿ ಅಭ್ಯಾಸ ಮಾತ್ರ ನಡೆಯಬೇಕು.

ನಾವು ಅಭ್ಯಾಸ ಮಾಡಿದೆವು. ಖಾಲಿ ರಿಸೀವರ್ ಹಿಡಿದು ಒಬ್ಬಳು ಗಾಯಾಳು ಆಗುತ್ತಿದ್ದಳು, ಇನ್ನೊಬ್ಬಳು ವಿಳಾಸ ಕೇಳುತ್ತಿದ್ದಳು. ಪಕ್ಕದಲ್ಲಿ ನಿಜವಾದ ದೀಪ ಮಿನುಗುತ್ತಿತ್ತು. ಮೊದಲ ದಿನ ಅಲ್ಲೊಂದು ಇಲ್ಲೊಂದು. ವಾರ ಕಳೆಯುವಷ್ಟರಲ್ಲಿ ಗೋಡೆಯ ಬರಹ ಊರಿಗೆಲ್ಲ ಗೊತ್ತಾಗಿತ್ತು. ಒಂದು ದೀಪ ಆರುತ್ತಿದ್ದಂತೆ ಇನ್ನೊಂದು ಹತ್ತುತ್ತಿತ್ತು. ಕೆಲವು ಬೇಗ ಸೋಲುತ್ತಿದ್ದವು. ಕೆಲವು ಎಷ್ಟೋ ಹೊತ್ತು ಮಿನುಗಿ, ಆರಿ, ಉಸಿರು ಎಳೆದುಕೊಂಡಂತೆ ಮತ್ತೆ ಹತ್ತುತ್ತಿದ್ದವು. ಹುಡುಗಿಯರಿಬ್ಬರು ಕುರ್ಚಿ ತಿರುಗಿಸಿ ಬೋರ್ಡಿಗೆ ಬೆನ್ನು ಮಾಡಿ ಕುಳಿತರು. ಆಪರೇಟರುಗಳಲ್ಲಿ ಹಿರಿಯಳು, ಒಂದು ಮಗುವಿನ ತಾಯಿ, ಒಂದು ಮಧ್ಯಾಹ್ನ ತನ್ನ ದುಪ್ಪಟ್ಟಾ ತೆಗೆದು ಬೋರ್ಡಿನ ಮೇಲೆ ಹೊದಿಸಿದಳು. ಬಟ್ಟೆಯ ಒಳಗಿನಿಂದಲೂ ಕೆಂಪು ಕಾಣುತ್ತಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ. ಪ್ರತಿ ದೀಪವೂ ನನ್ನ ತಂಗಿಯದೇ ಇರಬಹುದು ಅನಿಸುತ್ತಿತ್ತು. ನಡುನಡುವೆ ಹೊರಗೋಡಿ ಅವಳಿಗೆ ಫೋನು ಮಾಡಿ, "ಏನ್ಮಾಡ್ತಿದ್ದೀಯ?" ಎಂದು ಕೇಳುತ್ತಿದ್ದೆ. "ಉಪ್ಪಿಟ್ಟು ತಿಂತಿದ್ದೀನಿ. ಎಷ್ಟು ಸಲ ಕೇಳ್ತೀಯೇ?" ಅನ್ನುತ್ತಿದ್ದಳು.

ಅವಳನ್ನು ಮಯೂರ್ ವಿಹಾರ್‌ಗೆ ಕರೆತಂದುಬಿಡೋಣವೆಂದು ಒಂದು ಶನಿವಾರ ಬಾಡಿಗೆ ಕಾರು ಮಾಡಿಕೊಂಡು ಹೋದೆ. ಚೀಲ ಕಟ್ಟಿ ಇಟ್ಟಿದ್ದಳು. ಹೊರಡುವ ಮುಂಚೆ ಊರಿನಿಂದ ಅವಳ ಅತ್ತೆ ಫೋನು ಮಾಡಿದರು. "ಪಕ್ಷಮಾಸದಲ್ಲಿ ಬಸುರಿ ಮನೆ ಬದಲಾಯಿಸ್ತಾಳೆಯೇ? ಅಮಾವಾಸ್ಯೆ ಒಂದು ಕಳೀಲಿ, ಪಾಡ್ಯದ ದಿನ ಕರ್ಕೊಂಡು ಹೋಗಮ್ಮ. ನನ್ನ ಮಗ ಬೇರೆ ಗಡಿ ಮೇಲಿದ್ದಾನೆ." ಆ ಕೊನೆಯ ಮಾತಿಗೆ ತಂಗಿಯ ಮುಖ ಸಣ್ಣದಾಯಿತು. ಅಧಿಕಾರಿಯ ಎದುರು ಪಂಚಾಂಗವನ್ನು ಗೇಲಿ ಮಾಡಿದ್ದ ನಾನೂ "ಆಗಲಿ, ಪಾಡ್ಯಕ್ಕೇ ಬರ್ತೀನಿ" ಅಂದೆ. ನನಗೂ ಒಳಗೊಳಗೇ ಭಯ. ಚೀಲ ಬಾಗಿಲ ಬಳಿಯೇ ಉಳಿಯಿತು.

ಮಹಾಲಯ ಅಮಾವಾಸ್ಯೆ ಬಂತು. ಮರುದಿನ ನವರಾತ್ರಿಯ ಮೊದಲ ದಿನ, ಬೆಳಿಗ್ಗೆ ಉದ್ಘಾಟನೆ. ಅಧಿಕಾರಿ ತರ್ಪಣ ಬಿಡಲು ಗಂಗೆಗೆ ಹೋಗಿದ್ದರು. ಕೋಣೆಗೆ ಚೆಂಡುಹೂವಿನ ಮಾಲೆ ಬಿಗಿದಿದ್ದರು. ಹೊರಗೆ ಆಂಬುಲೆನ್ಸಿನ ಮೂತಿಗೂ ಬಾಗಿಲಿಗೂ ಸೇರಿಸಿ ಕೆಂಪು ರಿಬ್ಬನ್ ಸುತ್ತಿತ್ತು. ಗಾಳಿಯಿಲ್ಲದ ದಿನ. ಹೂವಿನ ವಾಸನೆಗೆ ತಲೆ ತಿರುಗುತ್ತಿತ್ತು.

ಊಟದ ಹೊತ್ತಿಗೆ ಒಂದನೇ ಲೈನಿನ ದೀಪ ಹತ್ತಿತು. ಆರಿತು. ತಕ್ಷಣ ಮತ್ತೆ ಹತ್ತಿತು. ಯಾರೋ ಬಿಡದೆ ಒತ್ತುತ್ತಿದ್ದರು. ಹೊರಗೋಡಿ ಕಾವಲುಗಾರನ ಮೇಜಿನಿಂದ ಮೊಬೈಲು ತೆಗೆದೆ. ತಂಗಿಯ ಕರೆಗಳು ಸಾಲಾಗಿ ಬಂದು ನಿಂತಿದ್ದವು. ತಿರುಗಿ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್.

ಒಳಗೆ ಬಂದೆ. ದೀಪ ಮಿನುಗುತ್ತಲೇ ಇತ್ತು. "ಮ್ಯಾಡಂ, ಸಾಹೇಬರು ನಾಳೆಯಿಂದ ಅಂದಿದ್ದಾರೆ," ಎಂದು ಒಬ್ಬಳು ಎದ್ದು ನಿಂತಳು. ನಾನು ಎತ್ತಿ "ಹಲೋ" ಅಂದೆ.

"ಅಕ್ಕಾ?" ಅಂದಳು ನನ್ನ ತಂಗಿ. "ತಲೆ ಸಿಡೀತಿದೆ. ಗೋಡೆಯೆಲ್ಲ ಮಂಜು. ನೀನು ಎತ್ತಲಿಲ್ಲ, ಟ್ಯಾಕ್ಸಿಯವರೂ ಎತ್ತಲಿಲ್ಲ, ಎಲ್ಲಾ ಗಂಗೆಗೆ ಹೋಗಿರಬೇಕು. ಅದಕ್ಕೇ ಇದನ್ನ ಒತ್ತಿದೆ. ಬೈಬೇಡ."

"ಬಾಗಿಲು ತೆಗೆದಿಟ್ಟು ಮಲಗು. ಬಂದೆ," ಅಂದೆ. ಅಷ್ಟು ಹೇಳುವುದರಲ್ಲಿ ನನಗೆ ಅಳು ಬಂದಿತ್ತು.

ಹೊರಡುವಾಗ ಬೋರ್ಡಿನ ಕಡೆ ಕಣ್ಣು ಹೋಯಿತು. ಎರಡನೆಯದೂ ಮಿನುಗುತ್ತಿತ್ತು. "ಎತ್ತಿ," ಎಂದು ಕೂಗಿದೆ. "ಎಲ್ಲಾ ಎತ್ತಿ. ಯಾರು ಕೇಳಿದರೂ ನಾನು ಹೇಳಿದೆ ಅನ್ನಿ."

ಹೊರಗೆ ಆಂಬುಲೆನ್ಸಿನ ಡ್ರೈವರ್ ಭಯ್ಯಾ ಬೀಡಿ ಎಸೆದು ಎದ್ದ. ರಿಬ್ಬನ್ ನೋಡಿದ, ನನ್ನ ಮುಖ ನೋಡಿದ. "ಸಾಹೇಬರು ಕತ್ತರಿ ಇಟ್ಟಿದ್ದಾರೆ ಮ್ಯಾಡಂ, ನಾಳೆಗೆ." ನಾನು ರಿಬ್ಬನ್ನನ್ನು ಕೈಯಲ್ಲೇ ಎಳೆದೆ. ಹರಿಯಲಿಲ್ಲ, ಜಾರಿ ಕೆಳಗೆ ಬಿತ್ತು. ಇಬ್ಬರೂ ಹತ್ತಿದೆವು. ಗಾಡಿ ಸ್ಟಾರ್ಟ್ ಆಗುವಾಗ ಹಿರಿಯ ಆಪರೇಟರು ಕಿಟಕಿಗೆ ಬಂದಳು. ಫೋನಿನ ತಂತಿ ಎಷ್ಟು ಬರುತ್ತದೋ ಅಷ್ಟು ಎಳೆದುಕೊಂಡು, ರಿಸೀವರಿನ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದಳು.

"ಮ್ಯಾಡಂ, ಇಲ್ಲೊಬ್ಬಳು. ಗಂಡನಿಗೆ ಕರೆಂಟ್ ಹೊಡೆದಿದೆಯಂತೆ, ಉಸಿರಿದೆಯಂತೆ, ಗಾಡಿ ಕಳಿಸಿ ಅಂತಿದ್ದಾಳೆ. ಏನು ಹೇಳಲಿ?"

ಯಾವ ಹಳ್ಳಿ ಎಂದು ಕೇಳಿದೆ; ಅವಳು ಹೇಳಿದ ಹಳ್ಳಿ ನಮ್ಮ ದಾರಿಗೆ ತದ್ವಿರುದ್ಧ ದಿಕ್ಕಿನಲ್ಲಿತ್ತು. ಡ್ರೈವರ್ ಗೇರಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ. ನನಗೆ ಯೋಚಿಸಲು ಹೊತ್ತೇ ಬೇಕಾಗಲಿಲ್ಲ.

"ಚಲೋ," ಅಂದೆ.

ತಂಗಿಗೆ ಆ ಸಂಜೆಯೇ ಆಪರೇಶನ್ ಆಯಿತು. ಹೆಣ್ಣು ಮಗು, ಅಂಗೈಯಗಲ. ಇಬ್ಬರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರಮ್ಮ ಹೇಳಲು ಹೊರಟಾಗ ನಾನೇ ಬೇಡವೆಂದೆ.

ಮರುದಿನ ಬೆಳಿಗ್ಗೆ ಸೀರೆ ಬದಲಾಯಿಸಿ ಉದ್ಘಾಟನೆಗೆ ಹೋಗಿ ನಿಂತೆ. ರಿಬ್ಬನ್ನನ್ನು ಮತ್ತೆ ಕಟ್ಟಿದ್ದರು. ಮುಖ್ಯ ಅತಿಥಿ ಅಂಗಳದಲ್ಲಿ ನಿಂತು ನಂಬರು ಒತ್ತಿದರು, ಒಳಗೆ ಹಿರಿಯ ಆಪರೇಟರು ಎತ್ತಿ "ನಮಸ್ಕಾರ" ಅಂದಳು, ಇದೇ ಮೊದಲ ಕರೆಯೆಂದು ಮೈಕಿನಲ್ಲಿ ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅಧಿಕಾರಿ ನನ್ನನ್ನು ಗದರಿಸಲಿಲ್ಲ. ತಂಗಿ ಹೇಗಿದ್ದಾಳೆಂದು ಕೇಳಿ, ಒಂದು ಲಡ್ಡು ಕೈಗಿಟ್ಟರು.

ಜನ ಚದುರಿದ ಮೇಲೆ ಕೋಣೆಗೆ ಹೋದೆ. ಹಿರಿಯ ಆಪರೇಟರು ತನ್ನ ಜಾಗದಲ್ಲಿ ಕುಳಿತಿದ್ದಳು. ಕಣ್ಣು ಊದಿತ್ತು.

"ನಿನ್ನೆ ಆ ಹೆಂಗಸಿಗೆ ಏನು ಹೇಳಿದೆ?" ಎಂದು ಕೇಳಿದೆ.

"ಗಾಡಿ ಹೊರಟಿದೆ, ಬರ್ತಾ ಇದೆ ಅಂದೆ ಮ್ಯಾಡಂ. ಮತ್ತೆ ಮಾಡಿದಳು, ಮತ್ತೆ ಹಾಗೇ ಅಂದೆ. ಎಷ್ಟು ಸಲ ಮಾಡಿದರೂ ಹಾಗೇ ಅಂದೆ." ಅವಳು ಬೋರ್ಡನ್ನು ನೋಡುತ್ತಿದ್ದಳು. "ಆಮೇಲೆ ಮಾಡಲಿಲ್ಲ."