ವೈಪೂಹಿಯ ಎರಡನೇ ಚರಣ

ಖಾಲಿ ಜಾಗ ಎಂಬುದು ಭೂಮಿಯ ಮೇಲೆ ಎಲ್ಲೂ ಇಲ್ಲ. ಹೋಟೆಲು ಏಳುವ ಮೊದಲು ಅಲ್ಲಿ ಏನೋ ಇದ್ದೇ ಇರುತ್ತದೆ, ಅದಕ್ಕೊಂದು ಹೆಸರೂ ಇರುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮೊಬ್ಬರದೇ ಅಲ್ಲ. ಮರೆಸುವುದಕ್ಕೆಂದೇ ಸಂಬಳ ಎಣಿಸುವವರು ಹವಾಯಿಯ ಎಲ್ಲ ದ್ವೀಪಗಳಲ್ಲೂ ಇದ್ದಾರೆ.

ನಾನು ಬಟ್ಟೆ ಒಗೆಯುವ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಿಟ್ಟಿ ಪ್ರಚಾರ ಬೇಡ. ಅದರ ಕೆಳಗೆ ಹೂತುಹೋದ ಕೊಳದ ಹೆಸರನ್ನು ಬರೆಯುತ್ತೇನೆ: ವೈಪೂಹಿ. ಹಾವುಮೀನಿನ ನೀರು ಎಂದು ಅರ್ಥ. ಕಡಲಂಚಿಗೆ ಕಪ್ಪು ಕಲ್ಲಿನ ಗೋಡೆ ಕಟ್ಟಿ, ಉಬ್ಬರದ ಜೊತೆ ಒಳಗೆ ನುಗ್ಗಿದ ಮರಿಮೀನು ಬೆಳೆದು ದಪ್ಪಗಾದ ಮೇಲೆ ಹೊರಗೆ ನುಸುಳಲಾರದಂತೆ ಮರದ ಜಾಲರಿ ನಿಲ್ಲಿಸಿ, ಒಂದು ಕೊಲ್ಲಿಯ ಜನ ತಲೆತಲಾಂತರ ಉಂಡ ಕೊಳ. ಗೋಡೆಯ ಸಂದಿನಲ್ಲಿ ಒಂದು ಹಾವುಮೀನು ಕಾವಲಿತ್ತು ಎನ್ನುತ್ತಾರೆ. ಈಗ ಅದರ ಮೇಲೆ ಈಜುಕೊಳವಿದೆ. ಕಾವಲಿಗೆ ಒಂದು ಫಲಕವಿದೆ: ಓಡಬೇಡಿ.

ಕಪೇಕಾ ಆಂಟಿಯ ಮನೆತನ ಆ ಗೋಡೆಯ ಕಲ್ಲು ಜೋಡಿಸುತ್ತಿದ್ದ ಮನೆತನ. ಲಾರಿಗಳು ಬಂದು ಹವಳದ ಪುಡಿ, ಮರಳು ಸುರಿದ ದಿನ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಜಮೀನಿನ ಒಡೆಯರು ಎಂಬವರು ಬೇರೆಲ್ಲೋ ಕೂತು ಸಹಿ ಹಾಕಿದ್ದರು. ಇಲ್ಲಿದ್ದವರಿಗೆ ಸಾಮಾನು ಕಟ್ಟಿಕೊಳ್ಳಿ ಎಂದರು. ಅವಳ ಅಜ್ಜಿ, ಇಲ್ಲಿಯ ಮಾತಿನಲ್ಲಿ ಟೂಟು, ಮೀನಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳಂತೆ. ವೈಪೂಹಿಯ ಮೇಲೆ ಮನೆಯಲ್ಲಿ ಮೊದಲೇ ಒಂದು ಹಾಡಿತ್ತು. ಮೊದಲ ಚರಣ ಗಾಳಿಯದು, ಆಮೇಲಿನದು ಹೂವಿನದು, ಕೊನೆಯದು ಮುಗಿಸುವ ಚರಣ. ಲಾರಿಯ ಧೂಳಿನಲ್ಲಿ ಕೂತು ಟೂಟು ಇನ್ನೊಂದನ್ನು ಕಟ್ಟಿದಳು. ಇಲ್ಲೇ ಇದೆ ವೈಪೂಹಿ, ಗೋಡೆಯ ಕಲ್ಲು ನಮ್ಮ ಕೈಯದು, ಮರಳು ಸುರಿಯಿರಿ, ಹಾವುಮೀನು ನಿದ್ದೆ ಮಾಡಿಲ್ಲ. ಕಟ್ಟಿದ್ದನ್ನು ಎರಡನೆಯದಾಗಿ ಇಟ್ಟಳು. ಕೊನೆಗೆ ಯಾಕೆ ಇಡಲಿಲ್ಲ ಎಂದು ಮೊಮ್ಮಗಳು ಕೇಳಿದ್ದಕ್ಕೆ, ಕೊನೆಗೆ ಇಟ್ಟರೆ ಜನ ಎದ್ದು ಊಟಕ್ಕೆ ಹೋಗಿರುತ್ತಾರೆ ಎಂದಳಂತೆ.

ಆ ಹುಡುಗಿ ಬೆಳೆದು ಶಾಲೆಯ ಬಸ್ಸು ಓಡಿಸಿದಳು. ಕೊಲ್ಲಿಯ ಮಕ್ಕಳೆಲ್ಲ ಅವಳ ಬಸ್ಸಿನಲ್ಲಿ ಕೂತು, ಅವಳು ಗೇರು ಬದಲಿಸುವ ತಾಳಕ್ಕೆ ಹಾಡಿ ದೊಡ್ಡವರಾದವರು. ಬಸ್ಸು ಬಿಟ್ಟ ಮೇಲೆ ಉಕುಲೇಲೆ, ಅದೇ ನಾಲ್ಕು ತಂತಿಯ ಪುಟ್ಟ ಗಿಟಾರು, ಹೇಳಿಕೊಡಲು ಕೂತಳು. ಹೊಸಬರಿಗೆ ಮಾತ್ರ. ಸ್ವಲ್ಪ ಬಲ್ಲವರು ಬಂದು ಬೆರಳು ಓಡಿಸಿ ತೋರಿಸಿದರೆ, ನಿನಗೆ ಬರುತ್ತಲ್ಲ, ಬರದೇ ಇರುವವರ ಜಾಗದಲ್ಲಿ ಯಾಕೆ ಕೂತಿದ್ದೀಯ ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಅವಳ ಅಮ್ಮನ ಕಡೆಯ ಅಜ್ಜ ಪೋರ್ಚುಗೀಸ. ವಾದ್ಯ ಅವನ ಕಡೆಯಿಂದ, ಹಾಡು ಟೂಟುವಿನ ಕಡೆಯಿಂದ. ಬದುಕಿದ್ದಷ್ಟು ದಿನ ಆ ಇಬ್ಬರು ಬೀಗರು ಹಬ್ಬದೂಟಕ್ಕೆ ಕೂತಾಗಲೂ ಮುಖ ತಿರುಗಿಸಿಕೊಂಡೇ ಉಂಡರಂತೆ. ತಾನು ನುಡಿಸುವಾಗ ಮಾತ್ರ ಅವರಿಬ್ಬರಿಗೂ ರಾಜಿ ಎನ್ನುತ್ತಿದ್ದಳು ಆಂಟಿ.

ಹೋಟೆಲಿಗೆ ಐವತ್ತು ತುಂಬುವ ವರ್ಷ ದೊಡ್ಡ ಕಚೇರಿಯವರಿಗೊಂದು ಉಪಾಯ ಹೊಳೆಯಿತು. ಕೆಲಸದವರೇ ಹೂವಿನ ಅಂಗಿ ತೊಟ್ಟು, ಸೂರ್ಯ ಮುಳುಗುವ ಹೊತ್ತಿಗೆ ಈಜುಕೊಳದ ಪಕ್ಕ ಕೂತು ಉಕುಲೇಲೆ ನುಡಿಸಿದರೆ ಅತಿಥಿಗಳಿಗೆ ಮನೆಯಲ್ಲೇ ಇದ್ದ ಹಾಗಿರುತ್ತದೆ ಎಂದು. ಹೇಳಿಕೊಡಲು ಕಪೇಕಾ ಆಂಟಿಯನ್ನು ಕರೆಸಿದರು. ಅದೇ ಅಂಗಳಕ್ಕೆ, ಹಿಂಬಾಗಿಲಿನಿಂದ. ಅವಳು ಬಂದಳು. ಯಾಕೆ ಬಂದೆ ಎಂದು ನಾನೇ ಕೇಳಿದೆ. "ನಮ್ಮನೆ ಅಂಗಳಕ್ಕೆ ಬರೋಕೆ ಕಾರಣ ಬೇಕೇನಪ್ಪಾ?" ಎಂದಳು.

ಪಾಳಿ ಮುಗಿದ ಮೇಲೆ ಕೆಲಸದವರ ಊಟದ ಕೋಣೆಯಲ್ಲಿ ತರಗತಿ. ಮೇಜಿನ ಮೇಲೆ ಮಧ್ಯಾಹ್ನದ ಅಡೋಬೊ ಮಾಂಸದ ಸಾರಿನ ವಿನಿಗರ್ ವಾಸನೆ ಇನ್ನೂ ಇರುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಕೋಣೆ ಗುಡಿಸಿ ಹಾಸಿಗೆ ಹಾಸುವ ಹೆಂಗಸರು, ಫಿಲಿಪೀನ್ಸಿನ ಇಲೋಕೋಸ್ ಕಡೆಯವರು. ಬ್ಲೀಚಿನಲ್ಲಿ ಬೆಂದ ಬೆರಳುಗಳು, ತಂತಿ ಕೊಯ್ದರೂ ತಿಳಿಯದಷ್ಟು ಒರಟು. ಮೊದಲ ದಿನ ಆಂಟಿ ಎಡಗೈಗೆ ಕೆಲಸವನ್ನೇ ಕೊಡಲಿಲ್ಲ. ಎಡ ಅಂಗೈಯಿಂದ ತಂತಿ ಮುಚ್ಚಿ, ಬಲಗೈಯಲ್ಲಿ ಬರೀ ಮೀಟಿ ಎಂದಳು. ಸದ್ದು ಟಕ ಟಕ ಎಂದಿತು. ಮಣಿಕಟ್ಟು ಗಟ್ಟಿ ಹಿಡಿದವರ ಬಳಿ ಹೋಗಿ, ಮೊರದಲ್ಲಿ ಅಕ್ಕಿ ಕೇರುವುದು ಗೊತ್ತಲ್ಲ, ಹಾಗೆ ಎಂದಳು. ಗೊತ್ತಿಲ್ಲದೆ ಏನು. ಹತ್ತು ನಿಮಿಷದಲ್ಲಿ ಇಡೀ ಕೋಣೆ ಕೇರತೊಡಗಿತು.

ಆಮೇಲೆ ಎಡಗೈ ಬೆರಳುಗಳು ತಂತಿ ಒತ್ತುವ ಮೂರೇ ಮೂರು ಹಿಡಿತ, ಮತ್ತು ಒಂದು ನಿಯಮ: ನಿಲ್ಲಬಾರದು. ತಪ್ಪಿದವರು ತಂತಿಯ ಮೇಲೆ ಅಂಗೈ ಇಟ್ಟು ಕಾಲಲ್ಲಿ ತಾಳ ಹಾಕುತ್ತಾ ಕಾಯಬೇಕು. ಒಂದು ಚರಣಕ್ಕೂ ಇನ್ನೊಂದಕ್ಕೂ ನಡುವೆ ಒಂದು ಚಿಕ್ಕ ಸುತ್ತು ಬರುತ್ತದೆ, ಮೂರು ಹಿಡಿತದ್ದೇ. ತಪ್ಪಿದವರು ಆ ಸುತ್ತಿನಲ್ಲಿ ಮತ್ತೆ ಹತ್ತಿಕೊಳ್ಳಬೇಕು. ಬಸ್ಸು ನಿಲ್ದಾಣಕ್ಕೆ ಬಂದೇ ಬರುತ್ತದೆ, ಹಿಂದೆ ಓಡಬೇಡಿ, ಇಲ್ಲೇ ನಿಂತಿರಿ ಎನ್ನುತ್ತಿದ್ದಳು.

ಆ ಸುತ್ತಿನಲ್ಲಿ ಇನ್ನೊಂದು ನಡೆಯುತ್ತದೆ. ಯಾರಾದರೂ ಮುಂದಿನ ಚರಣದ ಮೊದಲ ಮಾತನ್ನು ಕೂಗಿ ಹೇಳುತ್ತಾರೆ. ಆಗ ಎಲ್ಲರಿಗೂ ಯಾವುದನ್ನು ಹಾಡಬೇಕೆಂದು ತಿಳಿಯುತ್ತದೆ. ಯಾರೂ ಕೂಗದಿದ್ದರೆ ಸುತ್ತು ಸುತ್ತುತ್ತಲೇ ಇರುತ್ತದೆ. ಕೂಗಿದ್ದನ್ನು ಹಾಡಲೇಬೇಕು, ಕೂಗಿದವರು ಯಾರೇ ಆಗಿರಲಿ. ಇದು ಈ ದ್ವೀಪಗಳ ಹಾಡಿನ ಹಳೆಯ ಪದ್ಧತಿ. ಇದಕ್ಕೆ ಮ್ಯಾನೇಜರರ ಒಪ್ಪಿಗೆ ಬೇಕಿಲ್ಲ.

ತರಗತಿಯಲ್ಲಿ ಎಲ್ಲರಿಗಿಂತ ಹಿಂದಿದ್ದವಳು ಪ್ರಿಮಿತಿವಾ. ಕಿರಿಯರು ಅವಳನ್ನು ಮನಾಂಗ್ ಪ್ರಿಮಿ ಎನ್ನುತ್ತಾರೆ, ಪ್ರಿಮಿ ಅಕ್ಕ ಎಂದ ಹಾಗೆ. ಪ್ರತಿ ಚರಣದಲ್ಲೂ ದಾರಿ ತಪ್ಪಿ ಪ್ರತಿ ಸುತ್ತಿನಲ್ಲೂ ಹತ್ತಿಕೊಳ್ಳುವಳು. ತನಗೆ ಬರುವುದು ಸುತ್ತು ಒಂದೇ, ನಡುವಿನದೆಲ್ಲ ನಿಮಗೆ ಬಿಟ್ಟಿದ್ದೇನೆ ಎಂದು ತಾನೇ ನಗಾಡುವಳು.

ವೈಪೂಹಿಯ ಹಾಡು ತಯಾರಾಯಿತು. ಮ್ಯಾನೇಜರ್ ಕ್ಯಾಲ್ವಿನ್ ಆಪೋ ಒಂದೆರಡು ಸಲ ಬಾಗಿಲಲ್ಲಿ ನಿಂತು ತಲೆದೂಗಿ ಹೋದ. ಅವನೂ ಕೊಲ್ಲಿಯವನೇ, ಆಂಟಿಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬೆಳೆದವನು. ಎಲ್ಲ ಸರಿಯಿತ್ತು. ಅತಿಥಿಗಳಿಗೆ ಹಾಡಿನ ಅರ್ಥ ತಿಳಿಸಬೇಕು, ಏನದು ಎಂದು ದೊಡ್ಡ ಕಚೇರಿಯಿಂದ ಯಾರೋ ಕೇಳುವವರೆಗೆ.

ಕೊನೆಯ ತರಗತಿಯ ದಿನ ಕ್ಯಾಲ್ವಿನ್ ಒಳಗೆ ಬಂದು, ಆಂಟಿಯ ಎದುರು ಕುರ್ಚಿ ಎಳೆದುಕೊಂಡು ಕೂತ. ನಾವೆಲ್ಲ ತಂತಿ ಶ್ರುತಿ ಮಾಡುವವರಂತೆ ತಲೆ ತಗ್ಗಿಸಿದೆವು, ಕಿವಿ ತಗ್ಗಿಸಲಿಲ್ಲ.

"ಆಂಟಿ, ಆ ಎರಡನೇದು ಬೇಡ."

"ಯಾಕೋ? ಶ್ರುತಿ ಸೇರ್ತಿಲ್ವಾ?"

"ತಮಾಷೆ ಬೇಡ ಆಂಟಿ. ಗಾಳಿ ಇರ್ಲಿ, ಹೂವು ಇರ್ಲಿ. ಕೊಳ ಯಾಕೆ? ಜನ ರಜಕ್ಕೆ ಬಂದಿರ್ತಾರೆ."

"ನಾವು ರಜದ ಮೇಲೆ ಹೋಗಿದೀವಿ ಅಂದ್ಕೊಂಡ್ಯಾ?"

ಅವನು ಮುಖ ಒರೆಸಿಕೊಂಡ. ತನಗೂ ಮನೆಸಾಲವಿದೆ, ಮಕ್ಕಳಿದ್ದಾರೆ, ಮೇಲಿನವರು ತನ್ನ ಕತ್ತು ಹಿಡಿಯುತ್ತಾರೆ ಎಂದೆಲ್ಲ ಹೇಳಿದ. ಸುಳ್ಳೇನಲ್ಲ. ಆದರೆ ಕತ್ತು ಹಿಡಿಸಿಕೊಂಡವರೆಲ್ಲ ಇನ್ನೊಬ್ಬರ ಬಾಯಿ ಹಿಡಿಯಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಕೊನೆಗೆ ಅವನು, ಎರಡನೇದನ್ನು ನೀವು ಕೂಗಬೇಡಿ ಆಂಟಿ, ಅಷ್ಟೇ ನಾನು ಕೇಳುವುದು ಎಂದ.

ಆಂಟಿ ಒಂದು ತಂತಿ ಬಿಗಿದಳು. "ಆಯ್ತು. ನಾನು ಕೂಗಲ್ಲ."

"ಮಾತು?"

"ಕಪೇಕಾ ಮಾತು. ಈಗ ಎದ್ದೇಳು, ಅದು ಪ್ರಿಮಿ ಕುರ್ಚಿ."

ಅವನು ಎದ್ದು ಹೋದ. ಇಷ್ಟು ಸುಲಭಕ್ಕೆ ಬಾಗಿದಳಲ್ಲ ಎಂದು ನನಗೆ ಸಿಟ್ಟು ಬಂತು. ಆಂಟಿ ಉಕುಲೇಲೆ ಮಡಿಲಲ್ಲಿಟ್ಟುಕೊಂಡು, ಎರಡನೇ ಚರಣದ ಅರ್ಥವನ್ನು ಮೊದಲ ಬಾರಿಗೆ ಮಾತು ಮಾತಿಗೂ ಬಿಡಿಸಿ ಹೇಳಿದಳು. ಗೋಡೆ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ಕೈಯಲ್ಲಿ ತೋರಿಸಿದಳು. ಊಟದ ಕೋಣೆಯಿಂದ ಶುರುವಾಗಿ, ಕೆಳಮಹಡಿಯ ಕಡಲ ಬದಿಯ ಕೋಣೆಗಳ ಅಡಿಯಲ್ಲಿ ಹಾದು, ಬಾರಿನ ಹತ್ತಿರ ಕಡಲಿಗೆ ಮುಖ ಮಾಡಿ ನಿಲ್ಲುತ್ತಿತ್ತಂತೆ.

ಪ್ರಿಮಿ ತಲೆ ಎತ್ತಿದಳು. "ಕಡಲ ಬದಿ ಕೋಣೆ ಅಂದ್ರೆ ನನ್ನ ಕೋಣೆಗಳಾ?"

ಅವಳ ಕೋಣೆಗಳೇ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಆ ಕೋಣೆಗಳ ಬಚ್ಚಲಿನ ಜಾಲರಿಯಿಂದ ನೀರು ಉಕ್ಕುತ್ತದೆ. ಅರ್ಧ ಸಿಹಿ, ಅರ್ಧ ಉಪ್ಪು, ಮೀನಿನ ವಾಸನೆ. ಅತಿಥಿಗಳು ಮೂಗು ಮುಚ್ಚಿಕೊಂಡು ದೂರುತ್ತಾರೆ. ಪೈಪು ಹಳೆಯದು ಎಂದು ಕಚೇರಿಯವರು ಕ್ಷಮೆ ಕೇಳಿ ಹಣ್ಣಿನ ತಟ್ಟೆ ಕಳಿಸುತ್ತಾರೆ. ಒರೆಸಲು ಪ್ರಿಮಿಯನ್ನು ಕಳಿಸುತ್ತಾರೆ. ಹೋಟೆಲಿಗೆ ಸೇರಿದಾಗಿನಿಂದ ಅವಳು ಅದನ್ನು ಒರೆಸಿದ್ದಾಳೆ. ಆ ಒದ್ದೆ ಚಿಂದಿಯನ್ನು ನಾನು ಒಗೆದಿದ್ದೇನೆ.

"ಅಂದ್ರೆ ನಾನು ಇಷ್ಟು ವರ್ಷ ಒರೆಸಿದ್ದು ಕೊಳಾನಾ?" ಎಂದಳು ಪ್ರಿಮಿ.

"ಕೊಳಾನೇ. ಒರೆಸಿದ್ರೆ ಹೋಯ್ತಾ?" ಎಂದಳು ಆಂಟಿ.

"ಎಲ್ಲಿ ಹೋಗತ್ತೆ? ಮುಂದಿನ ಹುಣ್ಣಿಮೆಗೆ ಹಾಜರ್."

ಆಂಟಿ ಮುಂದೆ ಏನೂ ಹೇಳಿಕೊಡಲಿಲ್ಲ. ಯಾರೂ ಕೂಗದಿದ್ದರೆ ಏನು ಮಾಡುವುದು ಎಂದು ಯಾರೋ ಕೇಳಿದ್ದಕ್ಕೆ, ನಿಯಮ ಗೊತ್ತಲ್ಲ, ನಿಲ್ಲಬಾರದು ಎಂದಳು, ಅಷ್ಟೆ.

ಹೋಟೆಲಿನ ಐವತ್ತರ ಹಬ್ಬದ ಸಂಜೆ ಈಜುಕೊಳದ ಸುತ್ತ ದೀವಟಿಗೆ ಹಚ್ಚಿದರು. ದೊಡ್ಡ ಕಚೇರಿಯವರು ಮುಂದಿನ ಸಾಲಿನಲ್ಲಿ, ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡು ಕೂತರು. ನಾವು ಗೋಡೆಯ ಪಕ್ಕ ಹಾಸಿದ ಚಾಪೆಗಳ ಮೇಲೆ ಕೂತೆವು. ಆಂಟಿ ಸುತ್ತು ಶುರು ಮಾಡಿ, ಗಾಳಿಯ ಚರಣ ಕೂಗಿದಳು. ಹಾಡಿದೆವು. ಯಾರೂ ತಪ್ಪಲಿಲ್ಲ, ಪ್ರಿಮಿಯನ್ನು ಬಿಟ್ಟು. ಚರಣ ಮುಗಿದು ಸುತ್ತು ಬಂತು.

ಆಂಟಿ ಬಾಯಿ ಮುಚ್ಚಿಕೊಂಡಳು.

ಎರಡನೇದನ್ನು ಕೂಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಮೂರನೇದನ್ನು ಕೂಗುತ್ತೇನೆ ಎಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೈ ಮೀಟುತ್ತಿತ್ತು, ಕಾಲು ತಾಳ ಹಾಕುತ್ತಿತ್ತು, ತುಟಿ ಹೊಲಿದ ಹಾಗಿತ್ತು. ಸುತ್ತು ಸುತ್ತಿತು. ಮತ್ತೆ ಸುತ್ತಿತು. ಅತಿಥಿಗಳು ಮೊದಮೊದಲು ತಲೆ ಆಡಿಸಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಲ್ವಿನ್ ಬಾರಿನ ಹತ್ತಿರದಿಂದ ಕೈಸನ್ನೆ ಮಾಡಿದ. ಆಂಟಿ ಕಡಲು ನೋಡುತ್ತಿದ್ದಳು. ಅವನು ಚಾಪೆಯ ಅಂಚಿಗೆ ಬಂದು ಬಗ್ಗಿ, ಹೂವು ಆಂಟಿ, ಹೂವಿಂದು ಎಂದು ಪಿಸುಗುಟ್ಟಿದ. ಅವನೇ ಕೂಗಬಹುದಿತ್ತು. ಬಸ್ಸಿನಲ್ಲಿ ಕಲಿತ ನಾಲ್ಕೂ ಚರಣ ಅವನಿಗೆ ಬಾಯಿಪಾಠ. ಕೂಗಿದ್ದರೆ ಪದ್ಧತಿಯ ಪ್ರಕಾರ ನಾವು ಹೂವನ್ನೇ ಹಾಡಬೇಕಾಗುತ್ತಿತ್ತು. ಅವನು ಬಾಯಿ ತೆರೆದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಹಿಂದಿನ ಚಾಪೆಯಿಂದ, ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಹೆಚ್ಚುವರಿ ಟವೆಲು ಕೂಗಿ ತರಿಸಿಕೊಳ್ಳುವ ಪ್ರಿಮಿಯ ಗಂಟಲು ಎದ್ದಿತು.

"ಏಯಾ ಓ ವೈಪೂಹಿ!"

ಇಲ್ಲೇ ಇದೆ ವೈಪೂಹಿ. ಉಚ್ಚಾರ ಇಲೋಕೋಸಿನದು, ಶ್ರುತಿ ಎಲ್ಲಿನದೂ ಅಲ್ಲ. ಆದರೆ ಕೂಗು ಕೂಗೇ. ಇಪ್ಪತ್ತು ಜನ ಒಟ್ಟಿಗೆ ಎರಡನೇ ಚರಣಕ್ಕೆ ಇಳಿದೆವು. ಪ್ರಿಮಿ ಆ ಒಂದು ಚರಣದಲ್ಲಿ ಎಲ್ಲೂ ತಪ್ಪಲಿಲ್ಲ. ಕ್ಯಾಲ್ವಿನನ ತುಟಿಯೂ ಅಲುಗಿತು ಎಂದು ಬರೆದಿದ್ದರೆ ನಿಮಗೆ ಹಿತವಾಗುತ್ತಿತ್ತು. ಅಲುಗಲಿಲ್ಲ. ಅವನು ತನ್ನ ಬೂಟು ನೋಡುತ್ತಾ ನಿಂತಿದ್ದ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಏನು ಕೇಳಿದೆವೆಂದು ಅವರಿಗೆ ಗೊತ್ತಾದದ್ದು ಮಾರನೇ ದಿನ.

ಮಾರನೇ ದಿನ ಪ್ರಿಮಿಯನ್ನು ಕಚೇರಿಗೆ ಕರೆದರು. ಕಾರ್ಮಿಕ ಸಂಘದ ಪ್ರತಿನಿಧಿಯ ಜೊತೆ ಹೋದಳು. ಯಾರು ಹೇಳಿಕೊಟ್ಟರು ಎಂದು ಕ್ಯಾಲ್ವಿನ್ ಕೇಳಿದನಂತೆ. ಹಾಡು ಆಂಟಿ ಹೇಳಿಕೊಟ್ಟರು, ಕೂಗಿದ್ದು ನಾನು ಎಂದಳಂತೆ. ನಿಮಗೂ ಆ ಕೊಳಕ್ಕೂ ಏನು ಸಂಬಂಧ ಎಂದನಂತೆ. ಅದಕ್ಕೆ ಅವಳು ಕೊಟ್ಟ ಉತ್ತರ ಈಗ ನಮ್ಮ ಇಸ್ತ್ರಿ ಕೋಣೆಯಲ್ಲಿ ಗಾದೆಯಾಗಿದೆ.

"ಒರೆಸೋಕೆ ನಾನು ಬೇಕು, ಹೆಸರು ಹೇಳೋಕೆ ನಾನು ಬೇಡ್ವಾ ಸಾರ್?"

ಹಾಡಿದ್ದಕ್ಕೆ ಕೆಲಸದಿಂದ ತೆಗೆಯುವಂತಿರಲಿಲ್ಲ. ಅದಕ್ಕೇ ಅವಳನ್ನು ಖಾಲಿಯಾಗುವ ಕೋಣೆಗಳಿಗೆ ಹಾಕಿದರು. ಅತಿಥಿಗಳು ಬಿಟ್ಟು ಹೋದ ಎಲ್ಲ ಕೊಳಕೂ ಇರುವ, ಬೆನ್ನು ಮುರಿಯುವ ಕೋಣೆಗಳು. ಇವತ್ತಿಗೂ ಅಲ್ಲೇ ಇದ್ದಾಳೆ. ಕಪೇಕಾ ಆಂಟಿಗೆ ಬಾಗಿಲಲ್ಲಿ, ಇನ್ನು ಬರುವುದು ಬೇಡ ಎಂದರು. ಊಟದ ಕೋಣೆಗೆ ಪಾಳಿಯ ನಂತರ ಬೀಗ ಬಿತ್ತು.

ಆದರೆ ಹವಾಯಿಯಲ್ಲಿ ಕಡಲದಂಡೆ ಯಾರಪ್ಪನದೂ ಅಲ್ಲ. ದೊಡ್ಡ ಅಲೆ ಏರಿ ನಿಲ್ಲುವ ಗೆರೆಯವರೆಗಿನ ಮರಳು ಎಲ್ಲರದು, ಕಾನೂನೇ ಹಾಗಿದೆ. ಮಂಗಳವಾರ ಪಾಳಿ ಮುಗಿದ ಮೇಲೆ ಆಂಟಿ ಆ ಗೆರೆಯಿಂದ ಒಂದು ಗೇಣು ಕಡಲ ಕಡೆಗೆ, ಈಜುಕೊಳಕ್ಕೆ ನೇರ ಎದುರಾಗಿ, ಚಾಪೆ ಹಾಸಿ ಕೂರುತ್ತಾಳೆ. ಪ್ರಿಮಿ ಬೆನ್ನಿಗೆ ನೋವಿನ ಪಟ್ಟಿ ಅಂಟಿಸಿಕೊಂಡೇ ಬರುತ್ತಾಳೆ. ಕಾವಲಿನವರು ಮೊದಮೊದಲು ಬಂದು ಗೆರೆ ನೋಡಿಕೊಂಡು ಹೋಗುತ್ತಿದ್ದರು. ಈಗ ಅವರಲ್ಲೊಬ್ಬ ರಜೆಯ ದಿನ ಉಕುಲೇಲೆ ಹಿಡಿದು ಬರುತ್ತಾನೆ, ಅವನಿಗೂ ಏನೂ ಬರುವುದಿಲ್ಲವಾದ್ದರಿಂದ ಆಂಟಿ ಸೇರಿಸಿಕೊಂಡಿದ್ದಾಳೆ. ಕೆಲವು ಅತಿಥಿಗಳು ಒದ್ದೆ ಕಾಲಲ್ಲಿ ಮೆಟ್ಟಿಲಿಳಿದು ಬಂದು, ಇದು ಯಾವ ಜಾಗದ ಹಾಡು ಎಂದು ಕೇಳುತ್ತಾರೆ. ಆಂಟಿ ಅವರು ಈಗಷ್ಟೇ ಎದ್ದು ಬಂದ ನೀರಿನ ಕಡೆ ಬೆರಳು ತೋರಿಸುತ್ತಾಳೆ.

ಎರಡನೇ ಚರಣವನ್ನು ಅವಳು ಈಗಲೂ ಕೂಗುವುದಿಲ್ಲ. ಮಾತು ಕೊಟ್ಟಿದ್ದಾಳೆ. ಪ್ರತಿ ಮಂಗಳವಾರ ಬೇರೆ ಯಾರೋ ಕೂಗುತ್ತಾರೆ.

ಈಗ ನಿಮ್ಮ ಸರದಿ. ನೀವು ಇದನ್ನು ಓದುತ್ತಿರುವ ಮನೆಯ ಕೆಳಗೆ, ನೀವು ಬಸ್ಸು ಹತ್ತುವ ನಿಲ್ದಾಣದ ಕೆಳಗೆ, ನಿಮ್ಮ ಮಕ್ಕಳು ಆಡುವ ಮೈದಾನದ ಕೆಳಗೆ ಯಾವ ನೀರಿತ್ತು? ಅದರ ಗೋಡೆ ಕಟ್ಟಿದವರು ಯಾರು? ಗೊತ್ತಿಲ್ಲ ಎನ್ನಬೇಡಿ. ಗೊತ್ತಿರುವ ಮುದುಕಿಯೊಬ್ಬಳು ನಿಮ್ಮ ಬೀದಿಯಲ್ಲೇ ಇದ್ದಾಳೆ. ಎದ್ದು ಹೋಗಿ, ಅವಳ ಪಕ್ಕ ಕೂತು ಆ ಹೆಸರು ಕೇಳಿಸಿಕೊಳ್ಳಿ. ಆಮೇಲೆ ನಾಲ್ಕು ಜನ ಇರುವ ಕಡೆ ನಿಂತು ಅದನ್ನು ಜೋರಾಗಿ ಕೂಗಿ.