ಅಪ್ಪನ ಎಡೆಗೆ ಶೆರಿ

ಗೆಳೆಯರೇ, ಇವತ್ತು ನಮ್ಮನೇಲಿ ಪಿತೃಪಕ್ಷದ ಎಡೆ. ಸಾರಾಯಿ ಕುಡಿದು ಕುಡಿದೇ ಸತ್ತ ಅಪ್ಪನಿಗೆ ಇದು ಮೊದಲನೇ ವರ್ಷದ್ದು. ಅವನಿಗೆ ಇಷ್ಟವಾದದ್ದನ್ನೇ ಇಡಬೇಕು ಅಂತ ಚಿಕ್ಕಪ್ಪ ಪಾಂಡವಪುರದಿಂದ ಸಾರಾಯಿ ಪಾಕೀಟು ತಂದಿದ್ದರು. ಅವ್ವ ಅದನ್ನ ಬಚ್ಚಲಿಗೆ ಸುರಿದುಬಿಟ್ಟಳು.

ನಾನು ಮೈಸೂರಿನ ಹೋಟೆಲೊಂದರ ಬಾರಿನಲ್ಲಿ ಕೆಲಸ ಮಾಡೋನು. ಅವ್ವ ನನ್ನ ಕಡೆ ತಿರುಗಿ, “ಅಲ್ಲಾದ್ರೂವೆ ಕಮ್ಮಿ ಕುಡೀಲಿ. ಅಮಲು ಕಮ್ಮಿ ಇರೋದು ಏನಾರ ಮಾಡ್ಲಾ” ಅಂದಳು.

ಗಿರಾಕಿಯೊಬ್ಬರು ಕೊಟ್ಟಿದ್ದ ಶೆರಿ ಬಾಟಲಿ ಚೀಲದಲ್ಲಿತ್ತು. ದ್ರಾಕ್ಷಿಯ ವೈನು, ಸಾರಾಯಿಗಿಂತ ಅಮಲು ಕಮ್ಮಿ, ಬಾದಾಮಿ ಹುರಿದ ಹಾಗೆ ವಾಸನೆ. ಅದಕ್ಕೆ ಸೋಡಾ, ಒಂದು ಚಮಚ ಬೆಲ್ಲದ ಪಾಕ, ನಿಂಬೆ ಸಿಪ್ಪೆ ಹಾಕಿ ಕಲಕಿದೆ.

ಚಿಕ್ಕಪ್ಪ ಮೂಸಿ ನೋಡಿ, “ಇದೇನ್ಲಾ, ಕಳ್ಳೆಬೀಜ ಉರಿದಂಗದೆ! ನಮ್ಮಣ್ಣ ಇದ್ನ ಕುಡಿಯಾಕೆ ಅಲ್ಲಿಂದ ಬರ್ಬೇಕಾ?” ಅಂದರು.

ಲೋಟ ಎಡೆಗಿಟ್ಟು, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಜಗಲೀಲಿ ಕೂತೆವು. ಬಾಗಿಲು ತೆಗೆದಾಗ ಲೋಟ ತುಂಬಿದ ಹಾಗೇ ಇತ್ತು. ಅವ್ವ ಅದನ್ನೇ ನೋಡ್ತಾ ನಿಂತಳು.

“ನಿಮ್ಮಪ್ಪ ಮುನಿಸ್ಕಂಡವ್ರೆ ಕಣ್ಲಾ. ಓಗಿ ಒಂದು ಪಾಕೀಟು ತಂದ್ಬುಡು.”

ಅಪ್ಪ ಬದುಕಿದ್ದಾಗಲೂ ಅವ್ವ ಹೀಗೇ, ಬೆಳಿಗ್ಗೆ ಸುರಿದು ಸಂಜೆ ತಾನೇ ತರಿಸ್ತಿದ್ದಳು. ಸತ್ತ ಮೇಲೂ ಗೆದ್ದೋನು ಅವನೇ.