ಕೈ ಮೇಲಿನ ಪೊರೆ

ವೈನಿಯ ಎಡಗೈಯ ಹಿಂಬದಿಯಲ್ಲಿ ಯಾವಾಗಲೂ ಒಂದೆರಡು ದುಂಡನೆಯ ಮಿನುಗುವ ಮಚ್ಚೆಗಳಿರುತ್ತಿದ್ದವು. ಹೊಸ ಬಾಟಲಿ ಯಾವುದೇ ಬರಲಿ, ಕೂದಲು ನಿಲ್ಲಿಸುವ ಜೆಲ್ ಇರಲಿ, ಮೇಕಪ್ ಅಳಿಸದಂತೆ ಮೇಲಿಂದ ಬಳಿಯುವ ಸೀಲರ್ ಇರಲಿ, ಗಿರಾಕಿಗೆ ಮುಟ್ಟಿಸುವ ಮೊದಲು ಅದರ ಒಂದು ಹನಿ ಅಲ್ಲಿ ಬೀಳಲೇಬೇಕು. ಒಣಗಿದ ಮೇಲೆ ಮುಷ್ಟಿ ಬಿಗಿದು, ಸಡಿಲಿಸಿ ನೋಡುವಳು. ಅದೇ ಕೈಯಲ್ಲಿ ಪಾತ್ರೆ ತಿಕ್ಕುವಳು, ರೊಟ್ಟಿ ಬಡಿಯುವಳು. ಸಂಜೆ ಉಗುರಿನಿಂದ ಅಂಚು ಎಬ್ಬಿಸಿ, ಉಳ್ಳಾಗಡ್ಡಿಯ ಒಳಸಿಪ್ಪೆಯಂಥ ಆ ತೆಳ್ಳನೆಯ ಪೊರೆಯನ್ನು ಸುಲಿದು ಬೆಳಕಿಗೆ ಹಿಡಿಯುವಳು. "ಇದು ಮದಿವಿ ಮುಗಿಯೂತನಾ ನಿಲ್ತದ" ಎಂದರೆ ಬಾಟಲಿಗೆ ಕಪಾಟಿನಲ್ಲಿ ಜಾಗ. "ಇದು ತಲಿ ಮ್ಯಾಲೆ ಅಕ್ಕಿಕಾಳು ಬೀಳೂದ್ರಾಗ ಕೈ ಕೊಡ್ತದ" ಎಂದರೆ ಅದು ಮೂಲೆ ಸೇರಿತೆಂದೇ ಲೆಕ್ಕ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಅವಳ ಗಂಡನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದುದರಿಂದ ಅವಳು ಓಣಿಗೆಲ್ಲ ವೈನಿ, ಅಂದರೆ ಅತ್ತಿಗೆ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ ವೈನಿಯೇ. ಬಹುವಚನ ಹಚ್ಚಿ ಮಾತಾಡಿಸಿದರೆ "ನಾ ಏನ್ ಸಾಲಿ ಟೀಚರೇನು?" ಎಂದು ಬೈಯುತ್ತಿದ್ದಳು. ನೇಕಾರರ ಮನೆ ಅದು. ಪಡಸಾಲೆಯ ಕುಣಿ ಮಗ್ಗ ಹೋದ ಮೇಲೆ ಕುಣಿಗೆ ಮಣ್ಣು ತುಂಬಿ, ಫರಸಿ ಕಲ್ಲು ಹಾಸಿ, ಅಲ್ಲೇ ಪಾರ್ಲರ್ ತೆರೆದಳು. ಮಣ್ಣು ಸರಿಯಾಗಿ ಕೂತಿರಲಿಲ್ಲವೋ ಏನೋ, ಗಿರಾಕಿಗಳ ಕುರ್ಚಿ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಯಾರಾದರೂ ಗೊಣಗಿದರೆ, "ಕುರ್ಚಿ ವಾಲಲಿ ಬಿಡ್ರಿ, ಜಡಿ ನೆಟ್ಟಗಿದ್ರ ಸಾಕಲ್ಲ" ಎನ್ನುವಳು. ಅವಳು ಹಾಕಿದ ಜಡೆ ನೆಟ್ಟಗೇ ಇರುತ್ತಿತ್ತು.

ಅವಳ ಅತ್ತೆ ಒಂದು ಕಾಲಕ್ಕೆ ಓಣಿಯುದ್ದಕ್ಕೂ ಮಗ್ಗಕ್ಕೇರಿಸುವ ಹಾಸಿನ ನೂಲು ಎಳೆದು ಕಟ್ಟಿ, ಎಳೆ ಗಟ್ಟಿಯಾಗಲೆಂದು ಗಂಜಿ ಬಳಿಯುತ್ತಿದ್ದವಳು. ಸೊಸೆಯಾಗಿ ಬಂದ ವೈನಿ ಅದರಲ್ಲೇ ಕೈ ಪಳಗಿಸಿಕೊಂಡಿದ್ದಳು. ಮುಂದೆ ಬಾಗಲಕೋಟೆಯ ನವನಗರದಲ್ಲಿ ಪಾರ್ಲರಿನ ತರಬೇತಿಗೆ ಹೋದಾಗ ಅವಳಿಗೆ ಅಂಥ ಹೊಸದೇನೂ ಅನ್ನಿಸಲಿಲ್ಲವಂತೆ.

"ಎಲ್ಲಾ ಗಂಜೀನ ಬಿಡು" ಎನ್ನುತ್ತಿದ್ದಳು. "ಅದು ಮನ್ಯಾಗ ಕಾಸಿದ್ದು, ಇದು ಕಂಪನ್ಯಾಗ ಮಾಡಿದ್ದು. ಎರಡೂ ಎಳಿ ಮ್ಯಾಲೆ ತೆಳ್ಳಗ ಒಂದು ಪೊರಿ ಆಗಿ ಕುಂದರ್ತಾವ. ದಪ್ಪ ಆತಂದ್ರ ಮುರೀತದ, ತೆಳುವಾತಂದ್ರ ನಾರು ಏಳ್ತದ."

ಕನ್ನಡಕ ಏರಿಸಿ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುವುದು ಅವಳಿಗೆ ಚಟವಾಗಿತ್ತು. ಪಾಲಿಮರ್, ಅಕ್ರಿಲೇಟ್, ಪಿವಿಪಿ ಎಂಬ ಹೆಸರುಗಳನ್ನು ಬೀಗರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಅವುಗಳ ಗುಣಾವಗುಣವನ್ನೂ ಬೀಗರದೆಂಬಂತೆಯೇ ಆಡಿಕೊಳ್ಳುತ್ತಿದ್ದಳು. "ಈ ಪಿವಿಪಿಗೆ ಭಾಳ ನೀರಡಿಕಿ ನೋಡು. ಮಳಿಗಾಲದಾಗ ಗಾಳ್ಯಾಗಿನ ನೀರೂ ಕುಡದು ಅಂಟಂಟ ಆಗ್ತದ. ಬ್ಯಾಸಗ್ಯಾಗ ಒಣಗಿ ಪುಡಿಪುಡಿ." ಅದಕ್ಕೇ ನಮ್ಮ ಕಡೆಯ ಬೇಸಿಗೆಯಲ್ಲಿ ಜೆಲ್ಲಿಗೆ ಒಂದು ಹನಿ ಗ್ಲಿಸರಿನ್ ಬೆರೆಸುವಳು. ಹಾಗೆ ಬೆರೆಸಿದರೆ ಪೊರೆ ಬಾಗುತ್ತದೆ, ಒಡೆಯುವುದಿಲ್ಲ.

ಗ್ಲಿಸರಿನ್ನಿನ ಈ ಬುದ್ಧಿ ಬಂದದ್ದು ಗುಳೇದಗುಡ್ಡದ ಒಂದು ಮದುವೆಯಲ್ಲಿ. ಮದುಮಗನಿಗೆ ಕೂದಲು ಸಿನಿಮಾದವರಂತೆ ನೆಟ್ಟಗೆ ನಿಲ್ಲಬೇಕಿತ್ತು. ವೈನಿ ನಿಲ್ಲಿಸಿದಳು. ಏಪ್ರಿಲ್ಲಿನ ಸುಡು ಬಿಸಿಲು. ಹುಡುಗ ಐದು ನಿಮಿಷಕ್ಕೊಮ್ಮೆ ತಲೆ ಮುಟ್ಟಿ ನೋಡಿಕೊಳ್ಳತೊಡಗಿದ. ಒಣಗಿದ ಜೆಲ್ ಉದುರಿ ಕರಿ ಕೋಟಿನ ಹೆಗಲೆಲ್ಲ ಬೆಳ್ಳಗಾಯಿತು. ಹೆಣ್ಣಿನ ಕಡೆಯ ಅತ್ತೆಯರು ಮೂಗು ಮುರಿದು, ಹುಡುಗನಿಗೆ ತಲೆ ತುಂಬ ಹೊಟ್ಟು ಎಂದು ಗುಸುಗುಸು ಹಚ್ಚಿದರು. ವೈನಿ ನೆಟ್ಟಗೆ ಹಂದರದ ನಡುವೆ ಹೋಗಿ ನಿಂತು, "ಅದು ಹೊಟ್ಟಲ್ರಿ, ಗಂಜಿ! ತಪ್ಪು ನಂದು. ಹುಡುಗನ ತಲಿ ಸ್ವಚ್ಛ ಐತಿ!" ಎಂದು ಕೂಗಿದಳು. ಹಂದರವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮದುಮಗನೂ ನಕ್ಕ. ತನ್ನ ತಪ್ಪನ್ನು ಹೀಗೆ ಊರಿಗೆ ಕೇಳುವಂತೆ ಒಪ್ಪಿಕೊಳ್ಳುವ ಹೆಚ್ಚು ಜನರನ್ನು ನಾನು ಕಂಡಿಲ್ಲ.

ಇನ್ನು ನನ್ನ ಮಾತು. ನಾನು ಲೇಡಿ ಬಸ್ ಕಂಡಕ್ಟರ್. ಇಳಕಲ್ಲಿನಿಂದ ಹುನಗುಂದ, ಅಮೀನಗಡ ಹಾಯ್ದು ಬಾಗಲಕೋಟೆಗೆ ಹೋಗಿ ಬರುವ ಸಾದಾ ಬಸ್ಸು ನನ್ನದು. ಈ ಕೆಲಸದ ಮೇಲೆ ನನಗೆ ಪ್ರಾಣ. ಸೀಟಿಗಾಗಿ ಜಗಳ, ಮೊಸರಿನ ಗಡಿಗೆ ಹಿಡಿದ ಅಜ್ಜಿಯರ ಕಿರಿಕಿರಿ, ಕಾಲೇಜು ಹುಡುಗಿಯರ ಕಿಸಿಕಿಸಿ, ಇವಿಲ್ಲದ ರಜೆಯ ದಿನ ನನಗೆ ಮನೆಯಲ್ಲಿ ಹೊತ್ತೇ ಹೋಗುವುದಿಲ್ಲ. ಅಂಥ ನನ್ನ ಬೆರಳ ತುದಿಗಳಲ್ಲಿ, ಮೂವತ್ತು ದಾಟಿದ ಮೇಲೆ, ಬಿಳಿ ಕಲೆಗಳು ಕಾಣಿಸಿಕೊಂಡವು. ನೋಡನೋಡುತ್ತ ಎರಡೂ ಕೈಗಳ ಹಿಂಬದಿಗೆ ಹರಡಿದವು. ತೊನ್ನು. ಬಾಗಲಕೋಟೆಯ ಡಾಕ್ಟರು ಔಷಧಿ ಬರೆದುಕೊಟ್ಟು, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಹೆದರಬೇಡಿ ಎಂದರು. ಆದರೆ ಅವರು ನನ್ನ ಬಸ್ಸಿನಲ್ಲಿ ಕೂತು ಎಲ್ಲರಿಗೂ ಅದನ್ನು ಹೇಳುವಂತಿರಲಿಲ್ಲವಲ್ಲ.

ಜನ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲೆ ಇಟ್ಟರು. ದಿನಾ ಬರುವ ಒಬ್ಬ ಹೆಂಗಸು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಟಿಕೆಟ್ ತೆಗೆದುಕೊಂಡಳು. ಅಮೀನಗಡದಲ್ಲಿ ಹತ್ತುವಾಗ ನನಗೆಂದು ಪೇರಲಹಣ್ಣು ತರುತ್ತಿದ್ದವಳು ತರುವುದನ್ನು ಬಿಟ್ಟಳು. ನನಗೆ ಬಹಳ ನೋವಾಯಿತು. ಡಿಪೋದಲ್ಲಿ ಒಳಗೆ ಕೂಡುವ ಕೆಲಸ ಕೇಳಿಬಿಡಬೇಕೆಂದು ನಿಶ್ಚಯ ಮಾಡಿ, ಅದನ್ನು ವೈನಿಗೆ ಹೇಳಲು ಹೋದೆ.

ವೈನಿ ಸಮಾಧಾನದ ಮಾತಾಡಲಿಲ್ಲ. ನನ್ನ ಕೈ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು.

"ಒಳಗ ಕೂಡಾಕ ಮನಸ್ಸೈತೇನು ನಿನಗ?"

"ಎಲ್ಲೀದು ವೈನಿ. ಸತ್ತಂಗ ಆಗ್ತದ."

"ಹಂಗಾರ ಸ್ವಲ್ಪ ತಡಿ. ಆ ಡಿಪೋ ಸಾಹೇಬನ ಮುಂದ ಬಾಯಿ ಬಿಡಬ್ಯಾಡ."

ಹುಬ್ಬಳ್ಳಿಯಿಂದ ಒಳ್ಳೆಯ ಸೀಲರ್ ತರಿಸಿದಳು. ಅದರಲ್ಲಿ ಕೆಂಪು, ಹಳದಿ, ಕಪ್ಪು ಪುಡಿಗಳನ್ನು ಚಿಟಿಕೆ ಚಿಟಿಕೆ ಬೆರೆಸುತ್ತ ಮೊದಲು ತನ್ನ ಕೈಗೆ, ಆಮೇಲೆ ನನ್ನ ಕೈಗೆ ಹಚ್ಚಿ ನೋಡಿದಳು. ಗೆಣ್ಣಿನ ಬಣ್ಣ ಬೇರೆ, ಬೆರಳ ಸಂದಿನ ಬಣ್ಣ ಬೇರೆ ಎಂಬುದು ನನ್ನ ಕೈಯೇ ಆದರೂ ನನಗೆ ಗೊತ್ತಿರಲಿಲ್ಲ. ಇನ್ನೊಂದು ಸುತ್ತು ತಿಳಿ ಬಣ್ಣ ಇದ್ದರೆ ಚಂದ ಎಂದು ನಾನು ಆಸೆಪಟ್ಟಾಗ ಗದರಿದಳು. "ನಿನ್ನ ಬೆಳ್ಳಗ ಮಾಡಾಕ ಕುಂತಿಲ್ಲಬೇ ನಾನು. ನಿನ್ನ ಕೈ ನಿನಗ ವಾಪಸ್ ಕೊಡಾಕ ಕುಂತೇನಿ."

ಬಣ್ಣ ಕೂಡಿಬಂದ ದಿನವೂ ಬಾಟಲಿ ಕೊಡಲಿಲ್ಲ. ಅವಳ ಪಾರ್ಲರಿನ ರೀತಿ ಅದು. ಗಟ್ಟಿ ನಿಲ್ಲುವಂಥದ್ದನ್ನು ಯಾರಿಗೇ ಹಚ್ಚಲಿ, ತೆಗೆಯುವುದನ್ನು ಅವರು ಮೊದಲು ಕಲಿತು ತೋರಿಸಬೇಕು. ಕುಸುಬಿ ಎಣ್ಣೆ ಸವರಿ, ಪೊರೆ ಮೆತ್ತಗಾಗುವವರೆಗೆ ಕಾದು, ಮೆತ್ತನೆಯ ಅರಿವೆಯಿಂದ ಒರೆಸಬೇಕು. ಕಿತ್ತು ತೆಗೆಯಹೋಗಿ ಹುಬ್ಬು ಕಳೆದುಕೊಂಡ ಮದುಮಗಳೊಬ್ಬಳ ಕತೆ ಹೇಳಿ, ನಾನೇ ನನ್ನ ಕೈಯಿಂದ ಎಲ್ಲವನ್ನೂ ಒರೆಸಿ ಬಿಳಿ ಕಲೆಗಳು ಮತ್ತೆ ಕಾಣುವ ತನಕ ಎದುರಿಗೆ ಕೂತಿದ್ದಳು. ನನಗೆ ಸಿಟ್ಟೇ ಬಂದಿತ್ತು. ಮುಚ್ಚಲಿಕ್ಕೆ ಬಂದವಳಿಗೆ ತೆರೆಯುವ ಪಾಠವೇಕೆ?

ಮರುದಿನ ಬಣ್ಣದ ಕೈಗಳಲ್ಲಿ ಡ್ಯೂಟಿಗೆ ಹೋದೆ. ಸೆರಗು ಸುತ್ತಿಕೊಳ್ಳುತ್ತಿದ್ದ ಹೆಂಗಸು ನನ್ನ ಕೈ ನೋಡಿ, "ಆರಾಮಾತಲ್ಲ, ಛಲೋ ಆತು ಬಿಡ್ರಿ" ಎಂದು ಬರಿಗೈಯಲ್ಲಿ ಟಿಕೆಟ್ ತೆಗೆದುಕೊಂಡಳು. ಪೇರಲಹಣ್ಣೂ ಬಂತು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಆ ಖುಷಿಯನ್ನು ಕಾಯುವುದೇ ನನಗೆ ಇನ್ನೊಂದು ನೌಕರಿಯಾಯಿತು. ಬೆವರಿಗೆ, ನೀರಿಗೆ ಅದು ಜಗ್ಗುವುದಿಲ್ಲವೆಂದು ವೈನಿ ನೂರು ಸಲ ಹೇಳಿದ್ದರೂ ನನಗೆ ಧೈರ್ಯ ಸಾಲದು. ಕಂಬಿ ಹಿಡಿಯುವುದನ್ನು ಬಿಟ್ಟೆ. ಮೆಟ್ಟಿಲ ಬಳಿ ಕೂಸುಗಳನ್ನು ಎತ್ತಿ ಒಳಗೆ ಬಿಡುವುದನ್ನು ಬಿಟ್ಟೆ. ರೊಟ್ಟಿಯನ್ನು ಚಮಚದಿಂದ ತಿನ್ನಲು ಹೋಗಿ ನಮ್ಮ ಓಣಿಯವನೇ ಆದ ಡ್ರೈವರನ ಬಾಯಿಗೆ ಬಿದ್ದೆ. "ಏನ್ ತಂಗಿ, ಪರದೇಶಕ್ಕ ಹೊಂಟಿಯೇನು?" ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ನಕ್ಕ. ನಾನೂ ನಕ್ಕೆ, ಆದರೆ ಚಮಚ ಬಿಡಲಿಲ್ಲ. ಸಂಜೆ ವೈನಿ "ಹೆಂಗೈತಿ?" ಎಂದು ಕೇಳಿದರೆ ಎಲ್ಲಾ ಛಲೋ ಐತಿ ಎನ್ನುತ್ತಿದ್ದೆ.

ದೊಡ್ಡ ರೋಗದ ಕಾಲ ಮುಗಿದು ಮಾಸ್ಕುಗಳು ಹೋಗಿದ್ದರೂ ಕೆಲವರ ಚೀಲದಲ್ಲಿ ಸ್ಯಾನಿಟೈಸರ್ ಬಾಟಲಿ ಉಳಿದಿತ್ತು. ಒಂದು ದಿನ ಹುನಗುಂದದಲ್ಲಿ ಹತ್ತಿದ ಅಜ್ಜಿಯೊಬ್ಬಳು ಮೊಮ್ಮಗಳ ಕೈಗೆ ಅದನ್ನು ಹಾಕುತ್ತಿದ್ದಳು. ಟಿಕೆಟ್ ಕೊಡಲು ನಾನು ಕೈ ಚಾಚಿದೆ. "ನಿನಗೂ ಒಂದೀಟು ತಗೋ ಮಗಳ, ಎಷ್ಟ ಮಂದೀದು ಮುಟ್ತಿ ಪಾಪ" ಎಂದು ಅಕ್ಕರೆಯಿಂದ ನನ್ನ ಎರಡೂ ಕೈಗೆ ಸುರಿದು, ತಾನೇ ತಿಕ್ಕಿಯೂ ಬಿಟ್ಟಳು. ಬೇಡವೆನ್ನುವಷ್ಟರಲ್ಲಿ ಬಣ್ಣ ಕರಗಿ ಬೆರಳ ಸಂದಿನಿಂದ ಕಂದು ನೀರು ಇಳಿಯತೊಡಗಿತು. ಅವಳ ಸೀರೆಯ ಮೇಲೂ ಬಿತ್ತು. ಅಡಿಯಿಂದ ಬಿಳಿ ಕಲೆಗಳು ಎದ್ದು ಬಂದವು. ಅಜ್ಜಿ ಹೌಹಾರಿ ಕೈ ಹಿಂದೆಳೆದುಕೊಂಡಳು. ಹಿಂದಿನ ಸೀಟಿನ ಗಂಡಸೊಬ್ಬ, "ಬಣ್ಣಾ ಬಳಕೊಂಡು ಇಷ್ಟ ದಿನಾ ಮಂದೀನ ಮಳ್ಳ ಮಾಡ್ಯಾಳಲೇ!" ಎಂದ. ಬಾಗಲಕೋಟೆ ಬರುವವರೆಗೆ ನಾನು ತಲೆ ಎತ್ತಲಿಲ್ಲ.

ಸಂಜೆ ವೈನಿಯ ಪಾರ್ಲರಿಗೆ ಹೋಗಿ ಬಾಟಲಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. "ಗಟ್ಟಿ ನಿಲ್ತದಂದಿದ್ದಿ! ಊರ ಮುಂದ ನನ್ನ ಮಾನಾ ಕಳದಿ!" ಎಂದು ಕೂಗಾಡಿದೆ. ವೈನಿ ನಡೆದದ್ದನ್ನು ಪೂರ್ತಿ ಕೇಳಿಕೊಂಡಳು. ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಅವಳ ಮುಖ ಸಪ್ಪಗಾಯಿತು.

"ಸ್ಪಿರಿಟ್ ವಾಸನಿ ಮೂಗಿಗೆ ಬಡೀತದ. ಸ್ಪಿರಿಟ್‌ನಾಗ ಕರಗಿಸಿದ್ದು ಸ್ಯಾನಿಟೈಸರಿನ ಸ್ಪಿರಿಟ್ ಬಿದ್ರ ಕರಗದ ಇರ್ತದೇನು? ನೀರು ಹಾಕಿ ನೋಡಿದೆ, ಬೆವರು ನೋಡಿದೆ, ಇದನ್ನ ಹಾಕಿ ನೋಡಲಿಲ್ಲ ನಾ. ತಪ್ಪು ನಂದು."

ನಾನು ಅಳತೊಡಗಿದೆ. ಅವಳು ನನ್ನನ್ನು ಅಳಲು ಬಿಟ್ಟಳು. ಆಮೇಲೆ ಹತ್ತಿರ ಕೂತು, "ಇದಕ್ಕಿಂತ ಗಟ್ಟೀದು ಮಾಡಬಹುದು. ಮಾಡಾಕ ತಿಂಗಳ ಹಿಡೀಬಹುದು, ಎರಡ ಹಿಡೀಬಹುದು. ಖರೆ ಹೇಳ್ತೇನಿ, ಅದನ್ನೂ ಕರಗಿಸೂದು ಒಂದಿಲ್ಲೊಂದು ಬಂದ ಬರ್ತದ. ನಾ ಮಾಡೂದು ಪೊರಿ ಬೇ. ನೋಡಾಕ ಚಂದ ಇರ್ತದ, ಹಚಗೋ. ನೀ ಅದರ ಮ್ಯಾಲೆ ನೌಕರಿ ಹೇರಿದಿ, ಮಾನಾ ಹೇರಿದಿ, ಊಟಾನೂ ಹೇರಿದಿ. ಅಷ್ಟು ಭಾರಕ್ಕ ಅದು ತಡೀತದೇನು?" ಎಂದಳು.

ಚಮಚದ ಸುದ್ದಿ ಡ್ರೈವರನಿಂದ ಅವಳಿಗೆ ಮುಟ್ಟಿತ್ತೆಂದು ಆಗ ಗೊತ್ತಾಯಿತು.

"ನಾಳೆ ಏನ್ ಮಾಡ್ಲಿ ವೈನಿ?"

"ಅದನ್ನ ನಾ ಹೆಂಗ ಹೇಳ್ಲಿ? ಮಂದಿ ಏನೂ ಅನ್ನೂದಿಲ್ಲಂತ ಹೇಳಿದ್ರ ಸುಳ್ಳಾಗ್ತದ. ಅಂತಾರ. ಆದ್ರ ಒಳಗ ಕುಂತ್ರ ಸತ್ತಂಗ ಆಗ್ತದಂತ ಅಂದಾಕಿ ನೀನ."

ರಾತ್ರಿಯೆಲ್ಲ ಹೊರಳಾಡಿದೆ. ಬೆಳಿಗ್ಗೆ ಬಣ್ಣವಿಲ್ಲದ ಬರಿಗೈಯಲ್ಲೇ ಬಸ್ ಹತ್ತಿದೆ. ಬಸ್ಸೇನೂ ಒಮ್ಮೆಲೇ ಒಳ್ಳೆಯದಾಗಲಿಲ್ಲ. ಸೆರಗು ಮತ್ತೆ ಬೆರಳಿಗೆ ಸುತ್ತಿತು, ಪೇರಲಹಣ್ಣು ಮತ್ತೆ ನಿಂತಿತು. ಕೇಳಿದವರಿಗೆ "ತೊನ್ನು ರಿ, ಅಂಟೂದಿಲ್ಲ" ಎಂದು ಹೇಳತೊಡಗಿದೆ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ, ಆಮೇಲೆ ಹುನಗುಂದಕ್ಕೆ ಎಷ್ಟು ದೂರ ಎಂದು ಹೇಳಿದಷ್ಟು ಸರಾಗವಾಯಿತು. ಕಂಬಿ ಹಿಡಿದೆ, ಕೂಸುಗಳನ್ನು ಎತ್ತಿದೆ. ಕೆಲವು ತಾಯಂದಿರು ಕೂಸನ್ನು ಕಸಿದುಕೊಂಡರು, ಕೆಲವರು ಕೊಟ್ಟರು. ವೈನಿ ಹೇಳಿದಂತೆ ಇನ್ನೊಂದು ಗಟ್ಟಿ ಬಾಟಲಿಯನ್ನೂ ಮಾಡಿಕೊಟ್ಟಳು. ತಮ್ಮನ ಮದುವೆಗೆ ಬಾದಾಮಿಗೆ ಹೋಗುವಾಗ ಅದನ್ನು ಹಚ್ಚಿಕೊಂಡು ಕೈ ತುಂಬ ಬಳೆ ಇಟ್ಟು ಮೆರೆದೆ. ಮನೆಗೆ ಬಂದು ಎಣ್ಣೆ ಸವರಿ ನಾನೇ ತೆಗೆದೆ, ಸೀರೆ ಬಿಚ್ಚಿ ಮಡಚಿಟ್ಟಷ್ಟೇ ಸಹಜವಾಗಿ. ಅಂದು ಆ ಪಾಠವೇಕೆಂದು ಸಿಟ್ಟಾಗಿದ್ದ ನನಗೆ ಇಂದು ಅದೇ ವೈನಿ ಕೊಟ್ಟ ದೊಡ್ಡ ಕೊಡುಗೆ ಅನ್ನಿಸುತ್ತದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಬಾಗಲಕೋಟೆಯಿಂದ ಮರಳಿ ಬರುವಾಗ ಅಮೀನಗಡದ ಹತ್ತಿರ ವೈನಿಯ ಮಗನ ಫೋನ್ ಬಂತು. "ಅಕ್ಕಾ, ಅವ್ವ ಹೋದ್ಲು. ಎದಿ ಹಿಡಕೊಂಡು ಕುಂತಾಕಿ ಏಳಲೇ ಇಲ್ಲ." ಅಲ್ಲೇ ಇಳಿದುಬಿಡೋಣವೆಂದುಕೊಂಡೆ. ಆದರೆ ತುಂಬಿದ ಬಸ್ಸನ್ನು ನಡುದಾರಿಯಲ್ಲಿ ಬಿಟ್ಟು ಎಲ್ಲಿಗೆ ಹೋಗಲಿ? ಟಿಕೆಟ್ ಹರಿಯುತ್ತಲೇ ಹೋದೆ. ಕಣ್ಣೀರಿಗೆ ಮಷೀನಿನ ಅಕ್ಷರ ಕಾಣುತ್ತಿರಲಿಲ್ಲ. ಹುನಗುಂದ ದಾಟಿ ಟಿಕೆಟ್ ಮುಗಿದ ಮೇಲೆ ನನ್ನ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ಕೂತಿದ್ದಳು. "ಯಾರು ಹೋದ್ರು ತಂಗಿ?" ಎಂದು ಕೇಳಿದಳು. "ನಮ್ಮ ವೈನಿ" ಎಂದೆ. ಅವಳು ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮಡಿಲಲ್ಲಿಟ್ಟುಕೊಂಡು, ಮೆಲ್ಲಗೆ ನೀವುತ್ತ ಕೂತಳು.

ಇಳಕಲ್ ಬಂದು ಅವಳು ಇಳಿದು ಹೋದ ಮೇಲೆ ನನ್ನ ಕೈ ನೋಡಿಕೊಂಡೆ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಬೆಳ್ಳಗಿತ್ತು. ದಾರಿಯುದ್ದಕ್ಕೂ ಅದು ಆಕೆಗೂ ನೆನಪಾಗಿರಲಿಲ್ಲ, ನನಗೂ ನೆನಪಾಗಿರಲಿಲ್ಲ. ಇದನ್ನು ಈಗಲೇ ಓಡಿಹೋಗಿ ವೈನಿಗೆ ಹೇಳಬೇಕು ಎನಿಸಿತು.